ಜೀರೋಡರ್ಮಾ ಪಿಗ್ಮೆಂಟೋಸಮ್: ಬಿಸಿಲಿನ ಪೆಟ್ಟು ಮಾಯದ ಚರ್ಮ

ಬಿಸಿಲಿಗೆ ಮೈಯೊಡ್ಡಿದ ಯಾರ ಚರ್ಮಕ್ಕೂ ಪೆಟ್ಟು ತಪ್ಪಿದ್ದಲ್ಲ. ಒಂದು ಹೊತ್ತು ಹೊಲದಲ್ಲಿ ದುಡಿದು ಬಂದವರ ಕೆನ್ನೆಯ ಒಂದೊಂದು ಜೀವಕೋಶದಲ್ಲೂ ಡಿಎನ್‌ಎ ಸಾವಿರಾರು ಕಡೆ ಕೆಟ್ಟಿರುತ್ತದೆ. ಒಂದೆರಡು ದಿನಗಳಲ್ಲಿ ದೇಹ ಅದನ್ನು ತಾನೇ ಸರಿಮಾಡಿಕೊಳ್ಳುತ್ತದೆ, ಯಾರಿಗೂ ಸುದ್ದಿ ಹತ್ತುವುದಿಲ್ಲ. ಈ ದುರಸ್ತಿಯ ವ್ಯವಸ್ಥೆಯೇ ಹುಟ್ಟಿನಿಂದ ಕೆಟ್ಟಿದ್ದರೆ ಬರುವ ಕಾಯಿಲೆಗೆ ಜೀರೋಡರ್ಮಾ ಪಿಗ್ಮೆಂಟೋಸಮ್ ಎಂದು ಹೆಸರು. ವೈದ್ಯರು ಚಿಕ್ಕದಾಗಿ ಎಕ್ಸ್‌ಪಿ ಎನ್ನುತ್ತಾರೆ. ಇದು ಅಂಟುರೋಗವಲ್ಲ, ಕುಷ್ಠವಲ್ಲ, ತೊನ್ನೂ ಅಲ್ಲ. ತಂದೆ ಮತ್ತು ತಾಯಿ ಇಬ್ಬರಿಂದಲೂ ಒಂದೊಂದು ಕೆಟ್ಟ ಜೀನ್ ಪಡೆದ ಮಗುವಿಗೆ ಮಾತ್ರ ಬರುತ್ತದೆ.

ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಕುರಕುಂಟಾ ಉತ್ತರ ಅಕ್ಷಾಂಶ 17 ಡಿಗ್ರಿಯ ಆಸುಪಾಸಿನಲ್ಲಿದೆ. ಕರ್ಕಾಟಕ ವೃತ್ತಕ್ಕಿಂತ ಕೆಳಗಿರುವುದರಿಂದ ಇಲ್ಲಿ ವರ್ಷಕ್ಕೆ ಎರಡು ಸಲ, ಮೇ ತಿಂಗಳ ಎರಡನೇ ವಾರದ ಹೊತ್ತಿಗೆ ಒಮ್ಮೆ ಮತ್ತು ಆಗಸ್ಟ್ ಮೊದಲ ವಾರದಲ್ಲಿ ಇನ್ನೊಮ್ಮೆ, ಸೂರ್ಯ ನೆಟ್ಟಗೆ ನೆತ್ತಿಯ ಮೇಲೆ ಬರುತ್ತಾನೆ. ಆಗಸ್ಟಿನಲ್ಲಿ ಸಾಮಾನ್ಯವಾಗಿ ಮೋಡದ ಮರೆ ಇರುತ್ತದೆ, ಮೇ ತಿಂಗಳಲ್ಲಿ ಅದೂ ಇರುವುದಿಲ್ಲ. ಸುತ್ತಲಿನ ಬದುಕು ಬಹುಪಾಲು ಬಯಲಿನಲ್ಲೇ ನಡೆಯುವಂಥದು: ಸೇಡಂ, ಚಿತ್ತಾಪುರದ ತೊಗರಿ ಹೊಲಗಳು, ಶಹಾಬಾದಿನ ಫರ್ಸಿ ಕಲ್ಲಿನ ಗಣಿಗಳು, ವಾಡಿಯ ಸಿಮೆಂಟು ಕಾರ್ಖಾನೆ ಮತ್ತು ರೈಲ್ವೆ ಜಂಕ್ಷನ್, ಚಿಂಚೋಳಿಯ ಕಾಡಂಚಿನ ಊರುಗಳು. ಕುರಕುಂಟಾ ಕೂಡ, ಈಗ ಬಾಗಿಲು ಹಾಕಿರುವ ಸಿಮೆಂಟ್ ಕಾರ್ಪೊರೇಷನ್ ಆಫ್ ಇಂಡಿಯಾದ ಕಾರ್ಖಾನೆಯಿಂದ ಹೆಸರಾದ ಊರು. ಇಂಥ ಬಯಲಿನಲ್ಲಿ ಎಕ್ಸ್‌ಪಿ ಇರುವ ಮಗು ಹುಟ್ಟಿದರೆ ಅದಕ್ಕೆ ಎದುರಾಗುವ ಲೋಕವೇ ಬೇರೆ. ಬರ್ಲಿನ್ನಿನ ಮಗುವಿಗೆ ವರ್ಷದ ಅರ್ಧ ಭಾಗ ಬಿಡುವಾದರೂ ಇದೆ, ಇಲ್ಲಿನ ಮಗುವಿಗೆ ಇಲ್ಲ.

ಕಾಯಿಲೆ ಗುರುತು ತೋರಿಸುವುದು ಎರಡು ಬಗೆಯಲ್ಲಿ. ಸುಮಾರು ಅರ್ಧದಷ್ಟು ಮಕ್ಕಳಲ್ಲಿ ಮೊದಲ ಗುರುತು ಸುಟ್ಟ ಗಾಯ. ಹಸುಗೂಸನ್ನು ಎಳೆಬಿಸಿಲಿಗೆ ಹಿಡಿದು ಕೆಲವು ನಿಮಿಷಗಳಾಗಿರುತ್ತದೆ ಅಷ್ಟೇ, ಒಂದೆರಡು ದಿನದಲ್ಲಿ ಮುಖ ಕೆಂಪೇರಿ ಊದಿಕೊಂಡು ಬೊಬ್ಬೆ ಏಳುತ್ತದೆ, ಮಾಯಲು ವಾರಗಳೇ ಹಿಡಿಯುತ್ತವೆ. ಯಾರೋ ಬಿಸಿನೀರು ಚೆಲ್ಲಿದ್ದಾರೆ ಎಂದು ಮನೆಯವರ ಮೇಲೇ ಅನುಮಾನ ಬಂದ ಪ್ರಸಂಗಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಉಳಿದ ಅರ್ಧದಷ್ಟು ಮಕ್ಕಳ ಚರ್ಮ ಸುಡುವುದೇ ಇಲ್ಲ. ಎಲ್ಲರಂತೆ ಬಿಸಿಲಲ್ಲಿ ಆಡುತ್ತವೆ. ಎರಡು ವರ್ಷ ತುಂಬುವ ಮೊದಲೇ ಮೂಗು, ಕೆನ್ನೆ, ಮುಂಗೈಗಳ ಮೇಲೆ ಸಣ್ಣ ಕಂದುಗಪ್ಪು ಚುಕ್ಕೆಗಳು ಮೂಡತೊಡಗುತ್ತವೆ. ನೋವಿಲ್ಲ, ತುರಿಕೆಯಿಲ್ಲ, ಹಾಗಾಗಿ ದವಾಖಾನೆಗೆ ಹೋಗಲು ಕಾರಣವೂ ಕಾಣುವುದಿಲ್ಲ. ಅಪಾಯ ಹೆಚ್ಚಿರುವುದು ಈ ಎರಡನೇ ಗುಂಪಿಗೇ. ಸುಟ್ಟುಕೊಳ್ಳುವ ಮಗುವನ್ನು ಮನೆಯವರು ಹೇಗೋ ಒಳಗಿಟ್ಟುಕೊಳ್ಳುತ್ತಾರೆ, ಸುಡದ ಮಗುವನ್ನು ಯಾರೂ ತಡೆಯುವುದಿಲ್ಲ.

ಅಂಗಿ ಬಿಚ್ಚಿಸಿ ನೋಡಿದರೆ ಕಾಯಿಲೆಯ ಕಥೆ ಅರ್ಧ ತಿಳಿಯುತ್ತದೆ. ಕುತ್ತಿಗೆಯ ಪಟ್ಟಿ ಮುಗಿಯುವ ಕಡೆ ಗೆರೆ ಎಳೆದಂತೆ ಚುಕ್ಕೆಗಳು ನಿಂತಿರುತ್ತವೆ. ಮೇಲೆ ಕಪ್ಪು ಚುಕ್ಕೆಗಳ ನಡುನಡುವೆ ಬಣ್ಣ ಹೋದ ಬಿಳಿ ಮಚ್ಚೆಗಳು, ತೆಳುವಾಗಿ ಒಣಗಿದ ಚರ್ಮ, ಅಲ್ಲಲ್ಲಿ ಎದ್ದು ಕಾಣುವ ಕೆಂಪು ರಕ್ತನಾಳಗಳು. ಕೆಳಗೆ ಎದೆ, ಹೊಟ್ಟೆ, ಚಡ್ಡಿಯ ಮರೆಯ ತೊಡೆಗಳಲ್ಲಿ ಚರ್ಮ ಬಹುತೇಕ ಎಂದಿನಂತೆಯೇ ಇರುತ್ತದೆ. ಅಲ್ಲಿಯ ಜೀವಕೋಶಗಳಲ್ಲೂ ಅದೇ ಕೆಟ್ಟ ಜೀನ್ ಇದೆ, ಆದರೆ ಬೆಳಕು ಬಿದ್ದಿಲ್ಲ. ಇದೇ ಗೆರೆ ವೈದ್ಯರಿಗೆ ದೊಡ್ಡ ಸುಳಿವು. ಇದನ್ನು ಆಲ್ಬಿನಿಸಂ ಜೊತೆ ಬೆರೆಸಬಾರದು. ಆಲ್ಬಿನಿಸಂ ಇರುವವರಲ್ಲಿ ಮೆಲನಿನ್ ಎಂಬ ಬಣ್ಣವೇ ಕಡಿಮೆ, ಡಿಎನ್‌ಎ ದುರಸ್ತಿ ಸರಿಯಾಗಿಯೇ ಇರುತ್ತದೆ. ಎಕ್ಸ್‌ಪಿ ಇರುವವರಲ್ಲಿ ಬಣ್ಣಕ್ಕೆ ಕೊರತೆಯಿಲ್ಲ. ಮೈಬಣ್ಣ ಕಪ್ಪಾಗಿದ್ದರೆ ಚರ್ಮದ ಕ್ಯಾನ್ಸರ್ ಬರುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಡಾಕ್ಟರುಗಳವರೆಗೂ ಇದೆ. ಎಕ್ಸ್‌ಪಿಯ ವಿಷಯದಲ್ಲಿ ಅದನ್ನು ನೆಚ್ಚಿಕೊಂಡು ಕೂರುವಂತಿಲ್ಲ.

ಕ್ಯಾನ್ಸರ್ ಎಷ್ಟು ಬೇಗ ಬರುತ್ತದೆ ಎಂಬುದಕ್ಕೆ ಅಮೆರಿಕದ ಬೆಥೆಸ್ಡಾದಲ್ಲಿರುವ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಅಂಕಿ ಅಂಶ ಇದೆ. ಕೆನೆತ್ ಕ್ರೇಮರ್ ಮತ್ತು ಸಂಗಡಿಗರು 1971ರಿಂದ 2009ರವರೆಗೆ 106 ರೋಗಿಗಳ ಜಾಡು ಹಿಡಿದು 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೆಲನೋಮಾ ಅಲ್ಲದ ಚರ್ಮದ ಕ್ಯಾನ್ಸರ್ ಮೊದಲು ಕಾಣಿಸಿದ ಮಧ್ಯಕ ವಯಸ್ಸು 9 ವರ್ಷ. ಅಲ್ಲಿನ ಸಾಮಾನ್ಯ ಜನರಲ್ಲಿ ಅದು 67. ಹೆಚ್ಚು ಅಪಾಯಕಾರಿಯಾದ ಮೆಲನೋಮಾ ಕಾಣಿಸಿದ್ದು 22ರ ಸುಮಾರಿಗೆ. 20 ವರ್ಷದೊಳಗಿನವರಲ್ಲಿ ಮೊದಲ ಬಗೆಯ ಕ್ಯಾನ್ಸರಿನ ಸಾಧ್ಯತೆ ಉಳಿದವರಿಗಿಂತ 10,000 ಪಟ್ಟು, ಮೆಲನೋಮಾದ್ದು 2,000 ಪಟ್ಟು ಹೆಚ್ಚು. ಕ್ಯಾನ್ಸರ್ ಒಂದಕ್ಕೇ ನಿಲ್ಲುವುದಿಲ್ಲ. ಒಬ್ಬರಿಗೇ ಹತ್ತಾರು, ಕೆಲವರಿಗೆ ನೂರಕ್ಕೂ ಮೀರಿ ಗೆಡ್ಡೆಗಳು ಏಳುತ್ತವೆ. ಒಂದನ್ನು ಕತ್ತರಿಸಿ ತೆಗೆದು ಹೊಲಿಗೆ ಬಿಚ್ಚುವ ಹೊತ್ತಿಗೆ ಪಕ್ಕದಲ್ಲಿ ಇನ್ನೊಂದು ಎದ್ದಿರುತ್ತದೆ.

ಕಣ್ಣಿಗೂ ಬಿಸಿಲು ಬೀಳುತ್ತದಲ್ಲ, ಅಲ್ಲೂ ಹಾನಿಯಾಗುತ್ತದೆ. ಮಗು ಬೆಳಕಿಗೆ ಕಣ್ಣು ಬಿಡಲಾರದೆ ತಲೆ ತಗ್ಗಿಸುತ್ತದೆ. ವರ್ಷಗಳು ಕಳೆದಂತೆ ರೆಪ್ಪೆಗಳು ಸವೆದು ಹೊರಮಗುಚುತ್ತವೆ, ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆ ಮಸುಕಾಗುತ್ತದೆ. ತುಟಿಯಲ್ಲಿ, ನಾಲಿಗೆಯ ತುದಿಯಲ್ಲಿ ಕ್ಯಾನ್ಸರ್ ಏಳುವುದು ಈ ಕಾಯಿಲೆಯ ವಿಚಿತ್ರಗಳಲ್ಲಿ ಒಂದು. ನಾಲಿಗೆಯ ಮುಂತುದಿಗೆ ಮಾತಾಡುವಾಗ, ತಿನ್ನುವಾಗ ಬೆಳಕು ತಾಗುತ್ತದೆ, ಹಿಂಭಾಗಕ್ಕೆ ತಾಗುವುದಿಲ್ಲ. ಆದ್ದರಿಂದಲೇ ಈ ಕಾಯಿಲೆಯ ವರದಿಗಳು ಚರ್ಮರೋಗದ ಪತ್ರಿಕೆಗಳಲ್ಲಿ ಮಾತ್ರವಲ್ಲ, ಕಣ್ಣಿನ ಮತ್ತು ಹಲ್ಲಿನ ವೈದ್ಯರ ಪತ್ರಿಕೆಗಳಲ್ಲೂ ಸಿಗುತ್ತವೆ. ಸುಮಾರು ಕಾಲುಭಾಗ ರೋಗಿಗಳಲ್ಲಿ ನರಮಂಡಲವೂ ಕ್ರಮೇಣ ಸೊರಗುತ್ತದೆ. ಮೊದಲು ಕಿವಿ ಮಂದ, ಆಮೇಲೆ ನಡಿಗೆಯಲ್ಲಿ ತೊಡರು, ಕಲಿತದ್ದು ಮರೆಯುವುದು, ನುಂಗಲು ಕಷ್ಟ. ಮಿದುಳಿಗೆ ಬಿಸಿಲು ತಾಗುವುದಿಲ್ಲವಾದ್ದರಿಂದ ಈ ಭಾಗ ವಿಜ್ಞಾನಿಗಳಿಗೆ ಬಹಳ ಕಾಲ ಒಗಟಾಗಿತ್ತು. ಜೀವಕೋಶದೊಳಗೇ ಉಸಿರಾಟದ ರಾಸಾಯನಿಕ ಕ್ರಿಯೆಗಳಿಂದ ಡಿಎನ್‌ಎಗೆ ಆಗುವ ಪೆಟ್ಟು ಅಲ್ಲಿ ದುರಸ್ತಿಯಾಗದೆ ಉಳಿಯುವುದೇ ಕಾರಣ ಎಂಬುದು ಈಗಿನ ವಿವರಣೆ.

ಈ ಕಾಯಿಲೆಯನ್ನು ಮೊದಲು ಬಣ್ಣಿಸಿದವನು ವಿಯೆನ್ನಾದ ಚರ್ಮವೈದ್ಯ ಮೋರಿಟ್ಸ್ ಕಪೋಸಿ. ಗುರು ಹಾಗೂ ಮಾವನಾದ ಫರ್ಡಿನಾಂಡ್ ಫೋನ್ ಹೆಬ್ರಾ ಜೊತೆ ಬರೆದ ಪಠ್ಯದಲ್ಲಿ 1870ರ ದಶಕದಲ್ಲಿ ಒಣಗಿದ, ಕಾಗದದಂತಾದ ಚರ್ಮದ ಬಗ್ಗೆ ಬರೆದ. 1882ರಲ್ಲಿ ಅದಕ್ಕೆ ಇಂದಿನ ಹೆಸರು ಸೇರಿಸಿದ. ಮರುವರ್ಷ ಆಲ್ಬರ್ಟ್ ನೈಸರ್ ನರಮಂಡಲದ ತೊಂದರೆಯನ್ನೂ ಗುರುತಿಸಿದ. 1932ರಲ್ಲಿ ಇಟಲಿಯ ಡೆ ಸ್ಯಾಂಕ್ಟಿಸ್ ಮತ್ತು ಕಾಕ್ಕಿಯೋನೆ ಮೂವರು ಅಣ್ಣತಮ್ಮಂದಿರಲ್ಲಿ ಚರ್ಮ, ಮಿದುಳು, ಬೆಳವಣಿಗೆ ಮೂರೂ ಕೆಟ್ಟಿದ್ದನ್ನು ದಾಖಲಿಸಿದರು. ಲಕ್ಷಣಗಳ ಪಟ್ಟಿ ಹೀಗೆ ಬೆಳೆಯುತ್ತಾ ಹೋಯಿತು. ಕಾರಣ ಮಾತ್ರ ಸುಮಾರು ನೂರು ವರ್ಷ ತಿಳಿಯಲಿಲ್ಲ.

ತಿಳಿದದ್ದು ಒಂದು ದಿನಪತ್ರಿಕೆಯ ದೆಸೆಯಿಂದ. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಡಿಎನ್‌ಎ ದುರಸ್ತಿಯ ಮೇಲೆ ಕೆಲಸ ಮಾಡುತ್ತಿದ್ದ ಜೇಮ್ಸ್ ಕ್ಲೀವರ್ ಎಂಬ ಬ್ರಿಟಿಷ್ ಮೂಲದ ಯುವ ವಿಜ್ಞಾನಿ, ಬಿಸಿಲಿನಿಂದ ಕ್ಯಾನ್ಸರ್ ಬರುವ ಈ ವಿರಳ ಕಾಯಿಲೆಯ ಬಗ್ಗೆ ಊರಿನ ಪತ್ರಿಕೆಯಲ್ಲಿ ಬಂದ ಬರಹವನ್ನು ಓದಿದರು. ದುರಸ್ತಿ ಮಾಡಲಾರದ ಮನುಷ್ಯ ಜೀವಕೋಶಗಳನ್ನು ಅವರು ಹುಡುಕುತ್ತಿದ್ದ ಕಾಲ ಅದು. ರೋಗಿಗಳ ಚರ್ಮದ ಚೂರಿನಿಂದ ಜೀವಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ, ಅತಿನೇರಳೆ ಬೆಳಕು ಹಾಯಿಸಿ, ವಿಕಿರಣ ಸೂಸುವ ಥೈಮಿಡಿನ್ ಎಂಬ ಡಿಎನ್‌ಎ ಕಚ್ಚಾವಸ್ತುವನ್ನು ಬೆರೆಸಿದರು. ದುರಸ್ತಿ ನಡೆಯುವ ಜೀವಕೋಶ ಆ ವಸ್ತುವನ್ನು ಒಳಗೆಳೆದುಕೊಳ್ಳುತ್ತದೆ, ಮೇಲೆ ಲೇಪಿಸಿದ ಛಾಯಾಚಿತ್ರದ ಪದರದಲ್ಲಿ ಕಪ್ಪು ಕಣಗಳಾಗಿ ಕಾಣುತ್ತದೆ. ಆರೋಗ್ಯವಂತರ ಜೀವಕೋಶಗಳ ಮೇಲೆ ಕಪ್ಪು ಕಣಗಳು ದಟ್ಟವಾಗಿದ್ದವು, ಎಕ್ಸ್‌ಪಿ ರೋಗಿಗಳ ಜೀವಕೋಶಗಳ ಮೇಲೆ ಬಹುಮಟ್ಟಿಗೆ ಬರಿದು. 1968ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಆ ಬರಹ, ಡಿಎನ್‌ಎ ಕೆಡುವುದಕ್ಕೂ ಮನುಷ್ಯನ ಕ್ಯಾನ್ಸರಿಗೂ ನೇರ ನಂಟಿದೆ ಎಂದು ತೋರಿಸಿದ ಮೊದಲ ದೊಡ್ಡ ಪುರಾವೆ. ಈ ಪರೀಕ್ಷೆಯ ಸುಧಾರಿತ ರೂಪ ಇವತ್ತಿಗೂ ಬಳಕೆಯಲ್ಲಿದೆ.

ದುರಸ್ತಿ ನಡೆಯುವ ರೀತಿಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕೆಂದರೆ ಕಾಯಿಲೆಯ ಬಗೆಗಳೆಲ್ಲ ಅದರಿಂದಲೇ ಹುಟ್ಟುತ್ತವೆ. ಅತಿನೇರಳೆ ಕಿರಣ ತಾಗಿದಾಗ ಡಿಎನ್‌ಎ ಎಳೆಯಲ್ಲಿ ಅಕ್ಕಪಕ್ಕ ಇರುವ ಎರಡು ಪಿರಿಮಿಡಿನ್ ಅಕ್ಷರಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಎಳೆ ಅಲ್ಲಿ ಸೊಟ್ಟಗಾಗುತ್ತದೆ, ಅದನ್ನು ಓದಿ ನಕಲು ಮಾಡಬೇಕಾದ ಕಿಣ್ವ ಮುಗ್ಗರಿಸುತ್ತದೆ. ಜೀವಕೋಶ ಇದಕ್ಕೆ ಮಾಡುವುದು ಥೇಟ್ ರಫೂಗಾರನ ಕೆಲಸ: ಕೆಟ್ಟ ಜಾಗವನ್ನು ಹುಡುಕಿ, ಸುತ್ತಲಿನ ನೇಯ್ಗೆ ಬಿಡಿಸಿ, ಕೆಟ್ಟ ತುಂಡನ್ನು ಎರಡೂ ಕಡೆ ಕತ್ತರಿಸಿ ತೆಗೆದು, ಎದುರಿನ ಎಳೆಯನ್ನು ನೋಡಿಕೊಂಡು ಹೊಸ ನೂಲು ತುಂಬುವುದು. ಹುಡುಕುವ ಕೆಲಸ ಎಕ್ಸ್‌ಪಿಸಿ ಮತ್ತು ಎಕ್ಸ್‌ಪಿಇ ಪ್ರೋಟೀನುಗಳದ್ದು. ಬಿಡಿಸುವುದು ಎಕ್ಸ್‌ಪಿಬಿ ಮತ್ತು ಎಕ್ಸ್‌ಪಿಡಿ. ಸರಿಯಾದ ಜಾಗವೇ ಹೌದೋ ಎಂದು ಖಾತ್ರಿ ಮಾಡುವುದು ಎಕ್ಸ್‌ಪಿಎ. ಒಂದು ಬದಿ ಎಕ್ಸ್‌ಪಿಎಫ್, ಇನ್ನೊಂದು ಬದಿ ಎಕ್ಸ್‌ಪಿಜಿ ಕತ್ತರಿ ಹಾಕುತ್ತವೆ. ಹೀಗೆ ಹೊರಬೀಳುವ ತುಂಡಿನ ಉದ್ದ 30 ಅಕ್ಷರಗಳ ಆಸುಪಾಸು. ಈ ಕತ್ತರಿಸುವ ಕ್ರಮವನ್ನು ಬಿಡಿಸಿ ತೋರಿಸಿದ ಟರ್ಕಿ ಮೂಲದ ಅಜೀಜ್ ಸಾಂಜಾರ್ ಅವರಿಗೆ 2015ರ ರಸಾಯನಶಾಸ್ತ್ರ ನೊಬೆಲ್ ಬಂತು. ಡಿಎನ್‌ಎ ದುರಸ್ತಿಯ ಬೇರೆ ದಾರಿಗಳನ್ನು ಕಂಡುಹಿಡಿದ ತೋಮಾಸ್ ಲಿಂಡಾಲ್ ಮತ್ತು ಪಾಲ್ ಮಾಡ್ರಿಚ್ ಅದರಲ್ಲಿ ಪಾಲುದಾರರು.

ಏಳು ಪ್ರೋಟೀನುಗಳ ಹೆಸರಿನಲ್ಲಿ ಕಾಣುವ ಎ, ಬಿ, ಸಿ, ಡಿ, ಇ, ಎಫ್, ಜಿ ಅಕ್ಷರಗಳು ರೋಗಿಗಳ ಗುಂಪಿನಿಂದ ಬಂದವು. 1970ರ ದಶಕದ ಆರಂಭದಲ್ಲಿ ಹಾಲೆಂಡಿನ ರಾಟರ್‌ಡ್ಯಾಮಿನ ವಿಜ್ಞಾನಿಗಳು ಇಬ್ಬರು ರೋಗಿಗಳ ಜೀವಕೋಶಗಳನ್ನು ಒಂದಾಗಿ ಬೆಸೆದು ನೋಡಿದರು. ಕೆಲವು ಜೋಡಿಗಳಲ್ಲಿ ದುರಸ್ತಿ ಮತ್ತೆ ಶುರುವಾಯಿತು, ಎಂದರೆ ಒಬ್ಬರಲ್ಲಿ ಕೆಟ್ಟ ಜೀನ್ ಇನ್ನೊಬ್ಬರಲ್ಲಿ ಸರಿಯಿತ್ತು. ಹೀಗೆ ಒಂದೊಂದಾಗಿ ಏಳು ಗುಂಪು ಬೇರ್ಪಟ್ಟವು. ಎಂಟನೆಯದು ಮಾತ್ರ ಈ ಸಾಲಿಗೆ ಸೇರುವುದಿಲ್ಲ. ಅದರಲ್ಲಿ ಕತ್ತರಿಸಿ ತುಂಬುವ ಕೆಲಸ ಸರಿಯಾಗಿಯೇ ನಡೆಯುತ್ತದೆ, ಆದರೆ ಕೆಟ್ಟ ಜಾಗವನ್ನು ದಾಟಿ ನಕಲು ಮುಂದುವರಿಸುವ ಪಾಲಿಮರೇಸ್ ಈಟಾ ಎಂಬ ಕಿಣ್ವ ಇರುವುದಿಲ್ಲ. ಆ ಕಿಣ್ವದ ಗುರುತು ಹತ್ತಿದ್ದು 1999ರಲ್ಲಿ. ಎಕ್ಸ್‌ಪಿ ವೇರಿಯಂಟ್ ಎನ್ನುವ ಈ ಬಗೆಯಲ್ಲಿ ಚರ್ಮ ಸುಡುವುದಿಲ್ಲ, ನರಮಂಡಲ ಕೆಡುವುದಿಲ್ಲ, ಚುಕ್ಕೆಗಳೂ ತಡವಾಗಿ ಬರುತ್ತವೆ. ಬ್ರೆಜಿಲಿನ ಗೋಯಾಸ್ ರಾಜ್ಯದ ಅರಾರಾಸ್ ಎಂಬ ಸಣ್ಣ ಹಳ್ಳಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನರಿಗೆ ಈ ಬಗೆ ಇರುವುದು ಪತ್ತೆಯಾಗಿದೆ. ಅವರಲ್ಲಿ ಹಲವರು ಹೊಲಗೆಲಸದವರು. ಬಿಸಿಲಲ್ಲೇ ದುಡಿದು, ಮುಖದ ತುಂಬ ಶಸ್ತ್ರಚಿಕಿತ್ಸೆಯ ಗುರುತು ಹೊತ್ತು, ಇದೊಂದು ಮನೆತನದ ಶಾಪ ಎಂದು ದಶಕಗಟ್ಟಲೆ ನಂಬಿ ಬಾಳಿದವರು. ಚಿಂಚೋಳಿಯ ಹಳ್ಳಿಯೊಂದರಲ್ಲಿ ಹೀಗಾದರೆ ಜನ ಬೇರೇನೂ ಹೇಳುವುದಿಲ್ಲ.

ದುರಸ್ತಿ ಕೆಟ್ಟರೆ ಕ್ಯಾನ್ಸರ್ ಎಂಬ ಸರಳ ಲೆಕ್ಕವನ್ನು ತಲೆಕೆಳಗು ಮಾಡುವ ಎರಡು ಕಾಯಿಲೆಗಳು ಇದೇ ಬಳಗದಲ್ಲಿವೆ. 1936ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಎಡ್ವರ್ಡ್ ಆಲ್ಫ್ರೆಡ್ ಕಾಕೇನ್ ಒಂದೇ ಮನೆಯ ಇಬ್ಬರು ಮಕ್ಕಳನ್ನು ವರ್ಣಿಸಿದರು: ಬೆಳವಣಿಗೆ ನಿಂತು ಗಿಡ್ಡಾದ ಮೈ, ಗುಳಿಬಿದ್ದ ಕಣ್ಣು, ಕಿವುಡು, ಮಸುಕಾಗುವ ದೃಷ್ಟಿ, ಚಿಕ್ಕಂದಿನಲ್ಲೇ ಮುದಿತನ. ಕಾಕೇನ್ ಸಿಂಡ್ರೋಮ್ ಇರುವ ಮಕ್ಕಳ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ, ಆದರೆ ಚರ್ಮದ ಕ್ಯಾನ್ಸರ್ ಬರುವುದಿಲ್ಲ. ಟ್ರೈಕೋಥಯೋಡಿಸ್ಟ್ರೋಫಿ ಎಂಬ ಇನ್ನೊಂದರಲ್ಲಿ ಕೂದಲಿಗೆ ಗಂಧಕದ ಅಂಶ ಸಾಲದೆ ಮುಟ್ಟಿದರೆ ಮುರಿಯುತ್ತದೆ. ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಡಿ ಒಂದು ಎಳೆ ಇಟ್ಟು ನೋಡಿದರೆ ಕಪ್ಪು ಬಿಳುಪು ಪಟ್ಟೆಗಳು ಹುಲಿಬಾಲದ ಹಾಗೆ ಮಿಂಚುತ್ತವೆ. ಅಲ್ಲೂ ಹಲವರಲ್ಲಿ ಬಿಸಿಲು ತಾಳದ ಚರ್ಮ, ಆದರೆ ಕ್ಯಾನ್ಸರ್ ಇಲ್ಲ. ಇನ್ನೂ ಸೋಜಿಗವೆಂದರೆ ಎಕ್ಸ್‌ಪಿಡಿ ಎಂಬ ಒಂದೇ ಜೀನ್ ಒಂದು ಕಡೆ ಕೆಟ್ಟರೆ ಎಕ್ಸ್‌ಪಿ, ಮತ್ತೊಂದು ಕಡೆ ಕೆಟ್ಟರೆ ಈ ಕೂದಲಿನ ಕಾಯಿಲೆ. ಆ ಪ್ರೋಟೀನಿಗೆ ಎರಡು ಕೆಲಸ ಇರುವುದೇ ಇದಕ್ಕೆ ಮೂಲ. ಡಿಎನ್‌ಎ ದುರಸ್ತಿಯಲ್ಲಿ ಎಳೆ ಬಿಡಿಸುವ ತಂಡದಲ್ಲೂ ಅದಿದೆ, ಜೀನುಗಳನ್ನು ಓದಿ ಪ್ರೋಟೀನಿಗೆ ಅಣಿ ಮಾಡುವ ತಂಡದಲ್ಲೂ ಅದೇ ಇದೆ. ಮೊದಲನೆಯದು ತಪ್ಪಿದರೆ ತಿದ್ದದ ಬದಲಾವಣೆಗಳು ಪೇರಿ ಕ್ಯಾನ್ಸರ್, ಎರಡನೆಯದು ತಪ್ಪಿದರೆ ಬೆಳವಣಿಗೆಯೇ ಕುಂಠಿತ.

ಬ್ಲೂಮ್ ಸಿಂಡ್ರೋಮ್ ಮತ್ತು ರಾತ್‌ಮುಂಡ್–ಥಾಮ್ಸನ್ ಸಿಂಡ್ರೋಮ್ ಕೂಡ ಡಿಎನ್‌ಎ ಕಾಪಾಡುವ ಕಿಣ್ವಗಳು ಕೆಟ್ಟು ಬರುವಂಥವು. ಎರಡರಲ್ಲೂ ಮುಖ ಬಿಸಿಲಿಗೆ ಕೆಂಪಾಗುತ್ತದೆ. ಬ್ಲೂಮಿನಲ್ಲಿ ರಕ್ತದ ಮತ್ತು ಕರುಳಿನ ಕ್ಯಾನ್ಸರ್, ರಾತ್‌ಮುಂಡ್–ಥಾಮ್ಸನ್‌ನಲ್ಲಿ ಮೂಳೆಯ ಕ್ಯಾನ್ಸರ್ ಹೆಚ್ಚು.

ಎಕ್ಸ್‌ಪಿ ಎಷ್ಟು ಅಪರೂಪ ಎಂಬುದು ನಾಡಿನಿಂದ ನಾಡಿಗೆ ಬದಲಾಗುತ್ತದೆ. ಅಮೆರಿಕ, ಪಶ್ಚಿಮ ಯುರೋಪುಗಳಲ್ಲಿ ಹತ್ತು ಲಕ್ಷಕ್ಕೆ ಒಂದೆರಡು. ಜಪಾನಿನಲ್ಲಿ ಅದಕ್ಕಿಂತ ಹತ್ತಾರು ಪಟ್ಟು ಹೆಚ್ಚು, ಯಾಕೆಂದರೆ ಅಲ್ಲಿ ಸುಮಾರು ನೂರರಲ್ಲಿ ಒಬ್ಬರು ಎಕ್ಸ್‌ಪಿಎ ಜೀನಿನ ಒಂದೇ ಹಳೆಯ ದೋಷವನ್ನು ಹೊತ್ತಿದ್ದಾರೆ. ಟುನೀಷಿಯಾ, ಮೊರಾಕೊ, ಅಲ್ಜೀರಿಯಾಗಳಲ್ಲಿ ಎಕ್ಸ್‌ಪಿಸಿ ದೋಷ ಒಂದು ಮೂಲದಿಂದ ಹಬ್ಬಿದೆ. ಭಾರತದಲ್ಲಿ ಮುಂಬೈನ ಪರಾಗ್ ತಾಮ್ಹಣ್‌ಕರ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಜೀನ್ ಅಧ್ಯಯನದಲ್ಲಿ ಎಕ್ಸ್‌ಪಿಎ ಜೀನಿನ ಒಂದೇ ಬಗೆಯ ದೋಷ ಬೇರೆ ಬೇರೆ ಕುಟುಂಬಗಳಲ್ಲಿ ಮರುಕಳಿಸಿ ಕಂಡಿತು. ಎ ಗುಂಪಿನಲ್ಲಿ ನರಮಂಡಲದ ತೊಂದರೆ ಹೆಚ್ಚಾದ್ದರಿಂದ ಇದು ಸಣ್ಣ ಸಂಗತಿಯಲ್ಲ.

ಕರ್ನಾಟಕದ ಮಟ್ಟಿಗೆ ಈ ಚರ್ಚೆ ಸೋದರಿಕೆ ಮದುವೆಗೆ ಬಂದು ನಿಲ್ಲುತ್ತದೆ, ಯಾಕೆಂದರೆ ರಕ್ತಸಂಬಂಧಿಗಳಿಬ್ಬರೂ ಒಂದೇ ಕೆಟ್ಟ ಜೀನ್ ಹೊತ್ತಿರುವ ಸಾಧ್ಯತೆ ಹೆಚ್ಚು. 1980ರ ದಶಕದಲ್ಲಿ ಬೆಂಗಳೂರು ಮತ್ತು ಮೈಸೂರಿನ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳ ರಕ್ತ ಪರೀಕ್ಷೆ ನಡೆಸಿದ ರಾಧಾ ರಮಾ ದೇವಿ, ಎನ್. ಅಪ್ಪಾಜಿ ರಾವ್ ಮತ್ತು ಅಲನ್ ಬಿಟಲ್ಸ್ ತಂಡಕ್ಕೆ ಸುಮಾರು ಮೂರರಲ್ಲೊಂದು ದಂಪತಿ ರಕ್ತಸಂಬಂಧಿಗಳೇ ಎಂದು ಕಂಡಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ರಾಜ್ಯದಲ್ಲಿ ಅದು ಕಾಲುಭಾಗಕ್ಕಿಂತ ಕಡಿಮೆಯಿಲ್ಲ. ಸೋದರಮಾವನಿಗೆ ಅಕ್ಕನ ಮಗಳು, ಸೋದರತ್ತೆಯ ಮಗನಿಗೆ ತಮ್ಮನ ಮಗಳು: ಕಲಬುರಗಿ ಸೀಮೆಯಲ್ಲೂ ಇದು ಹೊಸ ಮಾತಲ್ಲ. ಹೊಲ ಒಡೆಯಬಾರದು, ಕಳ್ಳುಬಳ್ಳಿ ಕಡಿಯಬಾರದು, ಮಗಳು ಗುರುತಿನ ಮನೆಯಲ್ಲೇ ಇರಲಿ ಎಂಬ ಲೆಕ್ಕಾಚಾರಗಳಿಗೂ ಅರ್ಥವಿದೆ.

ಅಪಾಯವನ್ನು ಅಂಕಿಯಲ್ಲೇ ನೋಡುವುದು ಒಳ್ಳೆಯದು. ಸಂಬಂಧವಿಲ್ಲದವರ ಮದುವೆಯಲ್ಲಿ ಕಾಯಿಲೆ ಹತ್ತು ಲಕ್ಷಕ್ಕೆ ಒಂದು ಎಂದು ಹಿಡಿದರೆ, ಸುಮಾರು 500 ಜನರಲ್ಲಿ ಒಬ್ಬರು ಅರಿವಿಲ್ಲದೆ ಒಂದು ಕೆಟ್ಟ ಜೀನ್ ಹೊತ್ತಿರುತ್ತಾರೆ. ಅಂಥ ಸಮಾಜದಲ್ಲಿ ಸೋದರತ್ತೆ–ಸೋದರಮಾವನ ಮಕ್ಕಳು ಮದುವೆಯಾದರೆ ಸಾಧ್ಯತೆ ಸುಮಾರು 16,000ಕ್ಕೆ ಒಂದಕ್ಕೆ, ಸೋದರಮಾವನೇ ಅಕ್ಕನ ಮಗಳನ್ನು ಮದುವೆಯಾದರೆ 8,000ಕ್ಕೆ ಒಂದಕ್ಕೆ ಏರುತ್ತದೆ. ನೂರು ಪಟ್ಟಿಗೂ ಮೀರಿದ ಏರಿಕೆ ನಿಜ. 8,000ದಲ್ಲಿ 7,999 ಮಕ್ಕಳಿಗೆ ಈ ಕಾಯಿಲೆ ಬರುವುದಿಲ್ಲ ಎಂಬುದೂ ನಿಜ. ಒಮ್ಮೆ ಮನೆಯಲ್ಲಿ ಒಂದು ಮಗುವಿಗೆ ಬಂದಮೇಲೆ ಮಾತ್ರ ಲೆಕ್ಕ ಪೂರ್ತಿ ಬದಲಾಗಿ, ಅದೇ ದಂಪತಿಯ ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದು ಪಾಲು ಆಗುತ್ತದೆ. ಆ ಸಂಬಂಧದಲ್ಲೇ ಮತ್ತೆ ಹೆಣ್ಣು ತರುವ ಮೊದಲು ಯೋಚಿಸಬೇಕಾದದ್ದು ಆಗ.

ಬಿಸಿಲ ಸೀಮೆಯ ಜನಕ್ಕೆ ಬಿಸಿಲಿನಿಂದ ತಪ್ಪಿಸಿಕೊಳ್ಳುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ತಲೆಗೆ ರುಮಾಲು, ಸೆರಗು, ನಡುಹಗಲು ಗಿಡದ ನೆರಳು, ಬೇಸಿಗೆಯಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವ ಸರ್ಕಾರಿ ಕಚೇರಿ, ಎಲ್ಲವೂ ಅದಕ್ಕಾಗಿಯೇ. ಆದರೆ ಇವೆಲ್ಲ ಝಳದ ವಿರುದ್ಧ ಕಟ್ಟಿಕೊಂಡ ರೂಢಿಗಳು. ಎಕ್ಸ್‌ಪಿಯ ಶತ್ರು ಝಳವಲ್ಲ. ಅತಿನೇರಳೆ ಕಿರಣ ಬೆಚ್ಚಗಿರುವುದಿಲ್ಲ, ಮೈಗೆ ತಿಳಿಯುವುದಿಲ್ಲ. ಸೇಡಂ ಕಡೆ ಗಾಳಿ ಅತಿ ಬಿಸಿಯಾಗುವುದು ಮೂರು ಗಂಟೆಯ ಸುಮಾರಿಗೆ, ಅತಿನೇರಳೆ ಕಿರಣ ತುತ್ತತುದಿಗೆ ಹೋಗುವುದು ಸೂರ್ಯ ನೆತ್ತಿಗೆ ಬರುವ ಹನ್ನೆರಡೂ ಕಾಲರ ಆಸುಪಾಸಿಗೆ. ಬೇಸಿಗೆಯ ಕಚೇರಿ ವೇಳೆ ಝಳ ತಪ್ಪಿಸುತ್ತದೆ, ಒಂದೂವರೆಗೆ ಮನೆಗೆ ಹೊರಟವರಿಗೆ ಕಿರಣ ತಪ್ಪಿಸುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅತಿನೇರಳೆ ಸೂಚ್ಯಂಕದಲ್ಲಿ 3 ದಾಟಿದರೆ ರಕ್ಷಣೆ ಬೇಕು, 11 ದಾಟಿದರೆ ಅತಿರೇಕ. ಏಪ್ರಿಲ್, ಮೇ ತಿಂಗಳ ನಡುಹಗಲಲ್ಲಿ ಈ ಅಕ್ಷಾಂಶದಲ್ಲಿ 11 ದಾಟುವುದು ಮಾಮೂಲು. ತೊಗರಿ ರಾಶಿಯ ಹೊತ್ತಿಗೆ, ಡಿಸೆಂಬರ್–ಜನವರಿಯಲ್ಲಿ, ಬಿಸಿಲು ಹಿತವಾಗಿ ಮೈ ಕಾಯಿಸಿಕೊಳ್ಳುವಂತಿರುತ್ತದೆ, ಆಗಲೂ ಮಧ್ಯಾಹ್ನದ ಕಿರಣ ಎಕ್ಸ್‌ಪಿ ಮಗುವಿಗೆ ಸಾಕಷ್ಟಾಯಿತು. ತೆಳುಮೋಡ ಬಿಸಿಯನ್ನು ತಡೆದಷ್ಟು ಕಿರಣವನ್ನು ತಡೆಯುವುದಿಲ್ಲ. ಕಿಟಕಿಯ ಗಾಜು ಅತಿನೇರಳೆ ಕಿರಣದಲ್ಲಿ ಯುವಿಬಿ ಎಂಬ ಬಗೆಯನ್ನು ನಿಲ್ಲಿಸಿ ಯುವಿಎ ಎಂಬ ಬಗೆಯನ್ನು ಬಹಳಷ್ಟು ಒಳಬಿಡುತ್ತದೆ. ಫರ್ಸಿ ಹಾಸಿದ ಅಂಗಳ, ಸುಣ್ಣ ಬಳಿದ ಗೋಡೆಗಳಿಂದ ಒಂದಿಷ್ಟು ತಿರುಗಿ ಬಂದು, ಕೊಡೆ ಹಿಡಿದರೂ ಕೆಳಗಿನಿಂದ ಮುಖಕ್ಕೆ ತಾಗುತ್ತದೆ. ವೆಲ್ಡಿಂಗ್ ಅಂಗಡಿಯ ಕಿಡಿಬೆಳಕಂತೂ ಹತ್ತಿರದಿಂದ ಬಿಸಿಲಿಗಿಂತ ಕೆಟ್ಟದ್ದು.

ಈ ಮಾತು ಶಾಲೆಗೂ ಅನ್ವಯಿಸುತ್ತದೆ. ಅಂಗಳದಲ್ಲಿ ನಡೆಯುವ ಪ್ರಾರ್ಥನೆ, ಆಟದ ಪಿರಿಯಡ್, ಕಿಟಕಿ ಪಕ್ಕದ ಬೆಂಚು, ಜಗುಲಿಯ ಮೇಲೆ ಬಿಸಿಯೂಟ, ಒಂದೊಂದೂ ಕೆಲವೇ ನಿಮಿಷದ್ದು. ಎಲ್ಲ ಕೂಡಿದರೆ ಆ ಮಗುವಿನ ಪಾಲಿಗೆ ದೊಡ್ಡ ಪೆಟ್ಟು. ಶಾಲೆ ಬಿಡಿಸುವುದು ಇದಕ್ಕೆ ಉತ್ತರವಲ್ಲ. ಪ್ರಾರ್ಥನೆಗೆ ಒಳಗೇ ನಿಲ್ಲಲು, ಗೋಡೆ ಕಡೆ ಕೂರಲು, ಟೋಪಿ ಮತ್ತು ಕನ್ನಡಕ ತೆಗೆಯದಿರಲು ಅನುಮತಿ ಸಿಕ್ಕರೆ ಬಹುಪಾಲು ಕೆಲಸ ಆಯಿತು. ಫ್ರಾನ್ಸಿನಲ್ಲಿ ಈ ಮಕ್ಕಳು ಗಾಳಿಯಾಡುವ ಪಾರದರ್ಶಕ ಮುಖಕವಚ ತೊಟ್ಟು ಹಗಲಲ್ಲೇ ಶಾಲೆಗೆ ಹೋಗುತ್ತಾರೆ. ಅಲ್ಲಿ ಅವರಿಗೆ ಚಂದ್ರನ ಮಕ್ಕಳು ಎಂಬ ಹೆಸರೂ ಇದೆ. ಹೆಸರು ಚೆಂದವೇ, ಆದರೆ ರಾತ್ರಿ ಮಾತ್ರ ಬದುಕುವವರು ಎಂಬ ಭಾವನೆ ಹುಟ್ಟಿಸುವುದರಿಂದ ಎಲ್ಲ ತಾಯಂದಿರಿಗೂ ಅದು ಹಿಡಿಸುವುದಿಲ್ಲ.

ಕವಚ ಇಲ್ಲದ ಕಡೆ ಬಟ್ಟೆಯೇ ಮೊದಲ ರಕ್ಷಣೆ. ಬಟ್ಟೆಯನ್ನು ಬೆಳಕಿಗೆ ಹಿಡಿದಾಗ ಆಚೆ ಕಂಡರೆ ಅದು ಸಾಲದು. ಒತ್ತಾಗಿ ನೇಯ್ದ, ಗಾಢ ಬಣ್ಣದ, ಒಣಗಿದ ಬಟ್ಟೆ ಬೇಕು. ಬೆವರಿಗೆ ನೆನೆದ ತೆಳು ಹತ್ತಿ ಬಟ್ಟೆ ಕಿರಣವನ್ನು ಇನ್ನಷ್ಟು ಒಳಬಿಡುತ್ತದೆ. ಆ ಲೆಕ್ಕದಲ್ಲಿ ಕುರಿಗಾರರ ಕಂಬಳಿಯನ್ನು ಮೀರಿಸುವುದು ಕಷ್ಟ, ಮೇ ತಿಂಗಳಲ್ಲಿ ಹೊದೆಯುವುದು ಅದಕ್ಕಿಂತ ಕಷ್ಟ. ಸನ್‌ಸ್ಕ್ರೀನ್ ಎರಡನೇ ಸಾಲಿನ ರಕ್ಷಣೆ. ಪೊಟ್ಟಣದ ಮೇಲೆ ಬರೆದಷ್ಟು ಕಾವಲು ಸಿಗಬೇಕಾದರೆ ದೊಡ್ಡವರ ಇಡೀ ಮೈಗೆ ಒಂದು ಸಲಕ್ಕೆ 30 ಮಿಲಿಲೀಟರಿಗೂ ಹೆಚ್ಚು ಬೇಕು, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. 50 ಮಿಲಿಲೀಟರ್ ಟ್ಯೂಬು ಒಂದು ದಿನಕ್ಕೂ ಸಾಲದು. ಕೂಲಿಯಲ್ಲಿ ಬದುಕುವ ಮನೆಗೆ ಇದು ಆಗುವ ಮಾತಲ್ಲ. ಆದ್ದರಿಂದ ಮೈಗೆ ಬಟ್ಟೆ, ಮುಖ, ಕಿವಿ ಮತ್ತು ಮುಂಗೈಗೆ ಮಾತ್ರ ಸನ್‌ಸ್ಕ್ರೀನ್ ಎಂದು ಹಂಚಿಕೊಳ್ಳುವುದೇ ನಡೆಯುವ ದಾರಿ. ಬಿಸಿಲು ತಪ್ಪಿದರೆ ಡಿ ವಿಟಮಿನ್ ತಪ್ಪುತ್ತದೆ, ಅದನ್ನು ಮಾತ್ರೆಯಲ್ಲಿ ತುಂಬಬೇಕು. ಬೀಡಿ, ಸಿಗರೇಟಿನ ಹೊಗೆಯಿಂದ ಡಿಎನ್‌ಎಗೆ ಆಗುವ ಹಾನಿಯನ್ನು ತಿದ್ದುವುದೂ ಇದೇ ದುರಸ್ತಿ ತಂಡವಾದ್ದರಿಂದ ಮನೆಯೊಳಗೆ ಹೊಗೆ ಕೂಡದು.

ಚಿಕಿತ್ಸೆ ಎಂದರೆ ಸದ್ಯಕ್ಕೆ ಕಾವಲು ಮತ್ತು ಕೊಯ್ತ. ಮೂರು ತಿಂಗಳಿಗೊಮ್ಮೆಯಾದರೂ ನೆತ್ತಿಯಿಂದ ಕಾಲಿನವರೆಗೆ ಚರ್ಮ ನೋಡಿಸಬೇಕು. ತಾಯಿ ವಾರಕ್ಕೊಮ್ಮೆ ಮನೆಯಲ್ಲೇ ನೋಡುವುದೂ ಉಪಯುಕ್ತ. ಹೊಸ ಗಂಟು, ಮಾಯದ ಹುಣ್ಣು, ರಕ್ತ ಒಸರುವ ಮಚ್ಚೆ ಕಂಡರೆ ಸಣ್ಣದಿರುವಾಗಲೇ ತೆಗೆಸಬೇಕು. ಆರಂಭದ ಗಾಯಗಳನ್ನು ಶೀತದಿಂದ ಸುಡಬಹುದು, ಫ್ಲೋರೋಯುರಾಸಿಲ್ ಅಥವಾ ಇಮಿಕ್ವಿಮೋಡ್ ಮುಲಾಮಿನಿಂದ ಕರಗಿಸಬಹುದು. 1988ರಲ್ಲಿ ಕ್ರೇಮರ್ ತಂಡ ಐವರು ರೋಗಿಗಳಿಗೆ ಎರಡು ವರ್ಷ ಹೆಚ್ಚು ಪ್ರಮಾಣದ ಐಸೋಟ್ರೆಟಿನೋಯಿನ್ ಕೊಟ್ಟು ನೋಡಿತು. ಹಿಂದಿನ ಎರಡು ವರ್ಷಗಳಲ್ಲಿ 121 ಗೆಡ್ಡೆಗಳು ಎದ್ದಿದ್ದರೆ ಔಷಧ ನಡೆದ ಕಾಲದಲ್ಲಿ ಎದ್ದದ್ದು 25. ನಿಲ್ಲಿಸಿದ ಕೂಡಲೇ ಮತ್ತೆ ಏರಿದವು, ಅಡ್ಡಪರಿಣಾಮಗಳೂ ಕಡಿಮೆಯಿರಲಿಲ್ಲ. ಬ್ಯಾಕ್ಟೀರಿಯಾದ ವೈರಸಿನಿಂದ ತೆಗೆದ ದುರಸ್ತಿ ಕಿಣ್ವವನ್ನು ಕೊಬ್ಬಿನ ಕಣಗಳಲ್ಲಿ ಸೇರಿಸಿ ಲೋಷನ್ ಮಾಡಿ 30 ರೋಗಿಗಳ ಮೇಲೆ ಪ್ರಯೋಗಿಸಿದ ವರದಿ 2001ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಕ್ಯಾನ್ಸರಿಗೆ ಮುಂಚಿನ ಗಾಯಗಳು ಶೇಕಡಾ 68, ಒಂದು ಬಗೆಯ ಕ್ಯಾನ್ಸರ್ ಶೇಕಡಾ 30 ಇಳಿದವು, ಆದರೂ ಆ ಲೋಷನ್ ಅಮೆರಿಕದಲ್ಲಿ ಔಷಧವಾಗಿ ಮಂಜೂರಾಗಲಿಲ್ಲ. ಶಸ್ತ್ರಚಿಕಿತ್ಸೆಗೆ ಎಟುಕದಷ್ಟು ಹಬ್ಬಿದ ಗೆಡ್ಡೆಗಳಿಗೆ ದೇಹದ ರೋಗನಿರೋಧಕ ಶಕ್ತಿಯ ಕಡಿವಾಣ ಬಿಡಿಸುವ ಪೆಂಬ್ರೋಲಿಜುಮ್ಯಾಬ್, ನಿವೋಲುಮ್ಯಾಬ್‌ನಂಥ ಇಂಜೆಕ್ಷನ್‌ಗಳು ಈಚಿನ ವರ್ಷಗಳಲ್ಲಿ ಕೆಲವು ಎಕ್ಸ್‌ಪಿ ಮಕ್ಕಳಲ್ಲಿ ಗಮನಾರ್ಹ ಫಲ ಕೊಟ್ಟಿವೆ. ತಿದ್ದದ ಬದಲಾವಣೆಗಳು ಹೆಚ್ಚಿರುವ ಗೆಡ್ಡೆಯನ್ನು ದೇಹ ಪರಕೀಯವೆಂದು ಸುಲಭವಾಗಿ ಗುರುತಿಸುತ್ತದೆ, ಹಾಗಾಗಿ ಕಾಯಿಲೆಯ ಕೆಡುಕೇ ಇಲ್ಲಿ ಅನುಕೂಲಕ್ಕೆ ಬರುತ್ತದೆ. ಬೆಲೆ ಲಕ್ಷಗಳಲ್ಲಿ. ಸಿಸ್‌ಪ್ಲಾಟಿನ್ ಎಂಬ ಹಳೆಯ ಕ್ಯಾನ್ಸರ್ ಔಷಧದ ವಿಷಯದಲ್ಲಿ ಮಾತ್ರ ಬಹಳ ಎಚ್ಚರ ಬೇಕು. ಅದು ಕೆಲಸ ಮಾಡುವುದೇ ಡಿಎನ್‌ಎ ಕೆಡಿಸಿ. ದುರಸ್ತಿ ಇಲ್ಲದ ದೇಹದಲ್ಲಿ ಮಾಮೂಲಿ ಪ್ರಮಾಣವೂ ಪ್ರಾಣಕ್ಕೆ ಎರವಾಗಬಹುದು. ಯಾವ ಆಸ್ಪತ್ರೆಗೆ ಹೋದರೂ ಕಾಯಿಲೆಯ ಹೆಸರನ್ನು ಚೀಟಿಯಲ್ಲಿ ಬರೆಸಿಕೊಂಡು ಹೋಗಬೇಕು ಎನ್ನುವುದು ಇದಕ್ಕಾಗಿ.

ಕುರಕುಂಟಾ ಸೀಮೆಯವರಿಗೆ ಚರ್ಮದ ತಜ್ಞರು ಕಲಬುರಗಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಸಿಗುತ್ತಾರೆ, ಕ್ಯಾನ್ಸರಿಗೆ ಕಿದ್ವಾಯಿ ಸಂಸ್ಥೆಯ ಕೇಂದ್ರವೂ ಅಲ್ಲಿದೆ. ಜೀನ್ ಪರೀಕ್ಷೆಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ, ವಾಡಿ–ಸಿಕಂದರಾಬಾದ್ ರೈಲು ಸೇಡಂ ಮೂಲಕವೇ ಹೋಗುತ್ತದೆ. 2021ರ ರಾಷ್ಟ್ರೀಯ ವಿರಳ ರೋಗ ನೀತಿಯಡಿ ಗುರುತಿಸಿದ ಉತ್ಕೃಷ್ಟತಾ ಕೇಂದ್ರಗಳಲ್ಲಿ ಹೈದರಾಬಾದಿನ ಡಿಎನ್‌ಎ ಬೆರಳಚ್ಚು ಮತ್ತು ರೋಗನಿರ್ಣಯ ಕೇಂದ್ರ ಹಾಗೂ ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರ ಸೇರಿವೆ. ಮಗುವಿನಲ್ಲಿ ಯಾವ ಜೀನ್ ಎಲ್ಲಿ ಕೆಟ್ಟಿದೆ ಎಂದು ಒಮ್ಮೆ ತಿಳಿದರೆ, ಮುಂದಿನ ಬಸಿರಿನಲ್ಲಿ 11ನೇ ವಾರದ ಆಚೀಚೆ ಮಾಸಿನ ಚೂರು ತೆಗೆದು ಅದೇ ದೋಷ ಇದೆಯೋ ಇಲ್ಲವೋ ನೋಡಬಹುದು. ಕಾನೂನಿಗೆ ಇದು ವಿರುದ್ಧವಲ್ಲ, ನೋಂದಾಯಿತ ಕೇಂದ್ರದಲ್ಲಿ ನಡೆಯಬೇಕು, ಲಿಂಗ ತಿಳಿಸುವಂತಿಲ್ಲ. ಕಷ್ಟ ಬರುವುದು ಬೇರೆ ಕಡೆ. ದೋಷ ಯಾವುದೆಂದು ಗೊತ್ತಾಗುವ ಮೊದಲೇ ಮೊದಲ ಮಗು ತೀರಿಕೊಂಡಿದ್ದರೆ ಗರ್ಭದಲ್ಲಿ ಏನನ್ನು ಹುಡುಕಬೇಕು ಎಂಬುದೇ ತಿಳಿಯುವುದಿಲ್ಲ, ತಂದೆತಾಯಿಯ ಜೀನುಗಳನ್ನು ಒಂದೊಂದಾಗಿ ಜಾಲಾಡಬೇಕಾಗುತ್ತದೆ. ಹಾಗಾಗಿ ಮಗುವಿನ ಸ್ಥಿತಿ ಎಷ್ಟೇ ಕೆಟ್ಟಿದ್ದರೂ, ಚಿಕಿತ್ಸೆ ಮುಗಿದಿದ್ದರೂ, ಎರಡು ಮಿಲಿಲೀಟರ್ ರಕ್ತ ತೆಗೆದು ಡಿಎನ್‌ಎ ಬೇರ್ಪಡಿಸಿ ಇಟ್ಟುಕೊಳ್ಳುವಂತೆ ತಳಿತಜ್ಞರು ಕೇಳುತ್ತಾರೆ. ಆ ಕುಟುಂಬದ ಅಕ್ಕತಂಗಿಯರು, ಸೋದರಿಕೆಯಲ್ಲಿ ಮದುವೆಗೆ ಮಾತು ನಡೆದಿರುವವರು ತಮ್ಮ ರಕ್ತ ಪರೀಕ್ಷೆ ಮಾಡಿಸಿಕೊಳ್ಳಲೂ ಅದೇ ಆಧಾರ.